ಮೆಟ್ಟಿಲ ಬಳಿಯ ನೀರು

ಸೊಸೆ ಮನೆಗೆ ಬಂದು ಪೆಟ್ಟಿಗೆಯ ಬಟ್ಟೆಗಳನ್ನು ಇನ್ನೂ ಕಪಾಟಿಗೆ ಜೋಡಿಸಿರಲಿಲ್ಲ, ಆಗಲೇ ಹಿತ್ತಲಿನ ಈಜುಕೊಳದ ನೀರಿನಲ್ಲಿ ಕೊಂಕು ತೆಗೆದಳು. ಅದೂ ಎಲ್ಲರೂ ಊಟಕ್ಕೆ ಕೂತಿದ್ದಾಗ.

“ಮಾವ, ನಿಮ್ಮ ಕಣ್ಣು ದಿನಾ ಹೀಗೇ ಕೆಂಪಗಿರುತ್ತಾ?”

“ನೀರಿಂದ ಎದ್ದು ಬಂದ್ಮೇಲೆ ಇರುತ್ತಮ್ಮ. ಈಜೋರ ಕಣ್ಣು ಕೆಂಪಗಿರದೆ ಇನ್ನೇನು?”

“ನೀರು ಸರಿಯಿದ್ರೆ ಇರಲ್ಲ ಮಾವ.”

ಬಡಿಸುತ್ತಿದ್ದ ಅಕ್ಕನ ಸೌಟು ಗಾಳಿಯಲ್ಲೇ ನಿಂತಿತು. ಆ ನೀರನ್ನು ನೋಡಿಕೊಳ್ಳುತ್ತಿದ್ದವಳು ಅವಳು, ಮನೆಯ ಹಿರಿಮಗಳು. ಅಪ್ಪ ಈಜು ಕಲಿಸುವ ಮೇಷ್ಟ್ರು. ಮನೆಯ ಹಿಂದೆ ಸಣ್ಣದೊಂದು ಕೊಳ ಕಟ್ಟಿಸಿ, ಸುತ್ತಲಿನ ಬೀದಿಗಳ ಮಕ್ಕಳಿಗೆಲ್ಲ ಅಲ್ಲೇ ಪಾಠ ಹೇಳಿ, ಆ ಸಂಪಾದನೆಯಲ್ಲೇ ಮಗಳನ್ನೂ ಮಗನನ್ನೂ ಸಾಕಿದವರು. ಲಕ್ವ ಹೊಡೆದು ಎಡಗೈ, ಎಡಗಾಲು ಸೋತ ಮೇಲೆ ಪಾಠ ನಿಂತಿತು, ಕೊಳ ಮಾತ್ರ ಉಳಿಯಿತು. ದಿನಾ ನೀರಿನಲ್ಲಿ ಕೈಕಾಲು ಆಡಿಸಲೇಬೇಕು ಎಂದು ಡಾಕ್ಟರು ಹೇಳಿದ್ದರು. ಅಂದಿನಿಂದ ಬೆಳಗಾದರೆ ಅಪ್ಪನ ಸೊಂಟ ಬಳಸಿ ಹಿಡಿದು, ಎದೆಮಟ್ಟದ ನೀರಿಗೆ ಇಳಿಸಿ, ಕೈಕಾಲು ಆಡಿಸುವುದು ಅಕ್ಕನ ಕೆಲಸ. ಅಷ್ಟು ಜನಕ್ಕೆ ಈಜು ಕಲಿಸಿದ ಮನುಷ್ಯ ಈಗ ನೀರಿಗೆ ಹೆದರುತ್ತಿದ್ದರು. ಕಾಲು ಜಾರಿ ಒಮ್ಮೆ ನೀರು ಕುಡಿದದ್ದೇ ನೆಪ. ಮಗಳ ಹೆಗಲನ್ನು ಎಷ್ಟು ಗಟ್ಟಿ ಹಿಡಿಯುತ್ತಿದ್ದರೆಂದರೆ, ಅವರ ಬೆರಳುಗಳ ಗುರುತು ಮಧ್ಯಾಹ್ನದವರೆಗೂ ಮೂಡಿರುತ್ತಿತ್ತು. ಆ ಗುರುತನ್ನು ಅಕ್ಕ ಯಾರಿಗೂ ತೋರಿಸುತ್ತಿರಲಿಲ್ಲ. ಆದರೆ ಮುಂದಿನ ಕೋಣೆಯಲ್ಲಿ ಶಾಲೆ ಮಕ್ಕಳ ಸಮವಸ್ತ್ರ ಹೊಲಿಯಲು ಕೂತಾಗ ಆಗಾಗ ಅದರ ಮೇಲೆ ಕೈಯಾಡಿಸಿಕೊಳ್ಳುತ್ತಿದ್ದಳು.

“ಇಷ್ಟು ದಿನ ಸರಿಯಿದ್ದ ನೀರಿಗೆ ಈಗೇನಾಯ್ತಮ್ಮ?” ಎಂದಳು ಅಕ್ಕ, ಸೌಟನ್ನು ಪಾತ್ರೆಗೆ ಬಿಟ್ಟು.

“ತಪ್ಪು ತಿಳ್ಕೋಬೇಡಿ ಅತ್ತಿಗೆ. ನೋಡಿದ್ರೆ ಗೊತ್ತಾಗುತ್ತೆ. ಕೊಳದ ಏಣಿ ನೋಡಿ, ಹೇಗೆ ತುಕ್ಕು ಹಿಡಿದಿದೆ.”

“ಕಬ್ಬಿಣ ಅಂದ್ಮೇಲೆ ತುಕ್ಕು ಹಿಡಿಯುತ್ತೆ. ಮನುಷ್ಯರಿಗೇ ಹಿಡಿಯುತ್ತೆ,” ಎಂದರು ದೊಡ್ಡತ್ತೆ, ತಮ್ಮ ಮೊಣಕಾಲನ್ನು ತಟ್ಟಿಕೊಂಡು. ದೊಡ್ಡತ್ತೆ ಎಂದರೆ ಮೇಷ್ಟ್ರ ಅಕ್ಕ. ಗಂಡ ತೀರಿಕೊಂಡ ಮೇಲೆ ನಾಲ್ಕು ದಿನ ಇದ್ದು ಹೋಗುತ್ತೇನೆಂದು ಬಂದವರು ಇಲ್ಲೇ ಬೇರು ಬಿಟ್ಟಿದ್ದರು.

ಸೊಸೆ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ, ಮೂತ್ರ ಪರೀಕ್ಷೆ ಮಾಡುವವಳು. ಅವಳಿಗೆ ಯಾವುದನ್ನು ಕಂಡರೂ ನಳಿಗೆಗೆ ತುಂಬಿ ನೋಡುವ ಚಟ. ಮರುದಿನವೇ ಒಂದು ಪುಟ್ಟ ಡಬ್ಬಿ ತಂದಳು. ಕೊಳದ ನೀರನ್ನು ಬೆರಳುದ್ದದ ನಳಿಗೆಗೆ ತುಂಬಿ, ಕೆಂಪು ಔಷಧಿಯ ಹನಿಗಳನ್ನು ಬಿಟ್ಟು ಕುಲುಕಿದಳು. ನೀರು ಹಳದಿಯಾಯಿತು.

“ನೋಡಿ, ನಸುಗೆಂಪಾಗ್ಬೇಕಿತ್ತು. ಹಳದಿ ಅಂದ್ರೆ ನೀರು ಹುಳಿಯಾಗಿದೆ ಅಂತ.”

“ನಿಂಬೆಹಣ್ಣಿನ ಥರಾನಾ?” ಎಂದರು ದೊಡ್ಡತ್ತೆ.

“ಹೆಚ್ಚುಕಮ್ಮಿ ಹಾಗೇ. ಅತ್ತಿಗೆ, ನೀವು ತೇಲೋ ಡಬ್ಬಿಗೆ ಹಾಕೋ ಕ್ಲೋರಿನ್ ಮಾತ್ರೆ ಇದೆಯಲ್ಲ, ಅದು ದಿನಾ ಒಂಚೂರು ಹುಳಿ ಬಿಡುತ್ತೆ. ಅದನ್ನ ಸರಿದೂಗಿಸೋಕೆ ಸೋಡಾ ಹಾಕ್ಬೇಕು. ನೀವು ಹಾಕ್ತಿರಲಿಲ್ವಾ?”

“ಮೂಸಿ ನೋಡಿ ಹಾಕ್ತಿದ್ದೆ,” ಎಂದಳು ಅಕ್ಕ.

“ಮೂಸಿದ್ರೆ ಇದು ಗೊತ್ತಾಗಲ್ಲ ಅತ್ತಿಗೆ.”

ತಮ್ಮ ನಕ್ಕುಬಿಟ್ಟ. ಲಿಫ್ಟ್ ರಿಪೇರಿ ಮಾಡುವ ಅವನಿಗೆ ಹೆಂಡತಿ ಬಾಯಿ ಬಿಟ್ಟರೆ ಸಾಕು, ಮುಖ ಅರಳುತ್ತಿತ್ತು. ಹೊಸ ಮದುವೆ, ಹಾಗೇ ಇರುತ್ತದೆ ಬಿಡಿ. ಆದರೆ ಅಕ್ಕನಿಗೆ ಆ ನಗು ಎದೆಗೆ ಚುಚ್ಚಿತು. ಅವನ ಮೂಗು ಒರೆಸಿ ಶಾಲೆಗೆ ಕಳಿಸಿದವಳು ಅವಳಲ್ಲವೇ?

ಆ ವಾರವೆಲ್ಲ ಸೊಸೆ ಆಸ್ಪತ್ರೆಯಿಂದ ಬಂದವಳೇ ಬಕೆಟ್ಟು ಹಿಡಿಯುತ್ತಿದ್ದಳು. ಮೊದಲು ಅಡುಗೆ ಸೋಡಾ, ಆಮೇಲೆ ವಾಷಿಂಗ್ ಸೋಡಾ. ಒಂದೇ ಸಲಕ್ಕೆ ಸುರಿಯುವಂತಿಲ್ಲ. ಅಳೆದು, ಬಕೆಟ್ಟಿನಲ್ಲಿ ಕರಗಿಸಿ, ಮೋಟರ್ ಓಡಿಸಿ, ಸ್ವಲ್ಪ ಸ್ವಲ್ಪವೇ ಬಿಟ್ಟು, ಮರುದಿನ ನೋಡಿ ಮತ್ತೆ ಸ್ವಲ್ಪ.

“ಅಡುಗೆಮನೆ ಸೋಡಾ ಎಲ್ಲ ಖಾಲಿ. ಇನ್ನು ಕೊಳಕ್ಕೆ ಒಗ್ಗರಣೆ ಒಂದು ಬಾಕಿ,” ಎಂದು ಅಕ್ಕ ಖಾಲಿ ಡಬ್ಬವನ್ನು ಕುಕ್ಕಿದಳು.

“ನಾಳೆ ತಂದುಕೊಡ್ತೀನಿ ಅತ್ತಿಗೆ.”

“ಬೇಡಮ್ಮ. ನಾನೇ ತರ್ತೀನಿ. ನಿನಗೆ ಪಾಪ, ನೂರೆಂಟು ಕೆಲಸ.”

ಆ ಭಾನುವಾರ ಮೇಷ್ಟ್ರು ನೀರಿನಿಂದ ಎದ್ದಾಗ ಅವರ ಕಣ್ಣು ಬೆಳ್ಳಗೆ ಮಗುವಿನ ಕಣ್ಣಿನಂತಿದ್ದವು. ಅಕ್ಕ ಟವೆಲ್ಲಿನಲ್ಲಿ ತಲೆ ಒರೆಸುತ್ತಿದ್ದಂತೆ ಅವರು ಹೇಳಿದರು: “ರೇಷ್ಮೆ ಇದ್ದಂಗಿದೆ ಕಣೇ ನೀರು. ಮೈ ಕಡಿತಾನೇ ಇಲ್ಲ. ಭಾರಿ ಹುಡುಗಿ ಸಿಕ್ಕಿದಾಳೆ ನಮ್ಮ ಪುಟ್ಟನಿಗೆ.”

ಅಕ್ಕ ತಲೆಯನ್ನು ಸ್ವಲ್ಪ ಜೋರಾಗಿಯೇ ಒರೆಸಿದಳು.

“ಏಯ್, ಮೆಲ್ಲಗೆ! ಕೂದಲು ಇರೋದೇ ನಾಲ್ಕು.”

ಇಷ್ಟು ವರ್ಷ ಈ ಮನುಷ್ಯನ ಬಾಯಿಂದ ಒಂದು ಒಳ್ಳೆಯ ಮಾತು ಬಂದಿರಲಿಲ್ಲ. ಅಕ್ಕ ಅವರ ಶಿಷ್ಯರಲ್ಲೆಲ್ಲ ಚೆನ್ನಾಗಿ ಈಜುವವಳು. ಆಗಲೂ ‘ಮೊಣಕೈ ಎತ್ತು’ ಅಂದರೇ ವಿನಾ ಭೇಷ್ ಅನ್ನಲಿಲ್ಲ. ಬಕೆಟ್ಟಿಗಿಂತ ಆಳದ ನೀರು ಕಾಣದ ಈ ಹುಡುಗಿ ನಾಲ್ಕು ಚಮಚ ಸೋಡಾ ಕಲಸಿದ್ದಕ್ಕೆ ಭಾರಿ ಹುಡುಗಿ! ಅಕ್ಕನಿಗೆ ಹೊಟ್ಟೆ ಉರಿದುಹೋಯಿತು. ಸುತ್ತಿ ಬಳಸಿ ಹೇಳುವುದೇಕೆ, ಹೊಟ್ಟೆಕಿಚ್ಚೇ ಅದು.

ಮರುದಿನ ಸೊಸೆ ಕೆಲಸಕ್ಕೆ ಹೊರಟ ಮೇಲೆ ಅಕ್ಕ ಬೀದಿಯ ತುದಿಯ ಅಂಗಡಿಗೆ ಹೋದಳು. ಬಣ್ಣ, ಮೊಳೆ, ಪೈಪು, ಆ್ಯಸಿಡ್ ಎಲ್ಲ ಒಟ್ಟಿಗೆ ಮಾರುವ ಅಂಗಡಿ. ಕೌಂಟರಿನ ಮೇಲೆ ಒಂದು ಬೆಕ್ಕು ಸದಾ ಮಲಗಿರುತ್ತದೆ. ವಾಷಿಂಗ್ ಸೋಡಾದ ದೊಡ್ಡ ಚೀಲ ಹೊತ್ತು ತಂದಳು. ಇವಳು ಮಾಡಿದ್ದನ್ನು ನಾನು ಮಾಡಲಾರೆನೇ? ಇನ್ನೂ ರೇಷ್ಮೆ ಮಾಡಿ ತೋರಿಸ್ತೀನಿ ಎಂದು ಚೀಲದ ಬಾಯಿ ಬಿಚ್ಚಿ, ಅಂದಾಜಿನ ಮೇಲೆ ಅರ್ಧಕ್ಕೂ ಹೆಚ್ಚು ಸುರಿದಳು. ಸೊಸೆ ಹಿಂದಿನ ಸಂಜೆಯೇ ಆ ದಿನದ ಪಾಲು ಹಾಕಿ ಮುಗಿಸಿದ್ದು ಅವಳಿಗೆ ತಿಳಿದಿರಲಿಲ್ಲ. ಕೇಳಲು ಅವಳಿಗೆ ಬಾಯಿ ಬರುವುದೂ ಇಲ್ಲ.

ಮಧ್ಯಾಹ್ನದ ಹೊತ್ತಿಗೆ ಕೊಳ ಹಾಲಾಗಿತ್ತು. ತಳ ಕಾಣದಷ್ಟು ಬೆಳ್ಳಗೆ.

“ಅಯ್ಯಯ್ಯೋ, ಯಾರೋ ಸುಣ್ಣ ಕದಡಿದಾರೆ!” ಎಂದು ದೊಡ್ಡತ್ತೆ ಕೂಗಿದರು.

ಅಕ್ಕ ಹೊಲಿಗೆ ಮಿಷನ್ನಿನ ಮುಂದೆ ಕೂತು ಕಾಲರ್ ತಿರುಗಿಸುತ್ತಿದ್ದಳು. ತಲೆ ಎತ್ತಲಿಲ್ಲ. ಸಂಜೆ ಸೊಸೆ ನಳಿಗೆ ಕುಲುಕಿದಾಗ ನೀರು ಕಡುಗೆಂಪಾಯಿತು. ಅವಳು ಮತ್ತೊಮ್ಮೆ ತುಂಬಿ ಕುಲುಕಿದಳು. ಮತ್ತೂ ಒಮ್ಮೆ.

“ನಾನು ಅಳತೆ ಮಾಡೇ ಹಾಕಿದ್ದೆ,” ಎಂದಳು ಊಟದ ಹೊತ್ತಿನಲ್ಲಿ. ತಟ್ಟೆಯಲ್ಲಿ ಅನ್ನ ಹಾಗೇ ಇತ್ತು. “ಎಲ್ಲಿ ತಪ್ಪಾಯ್ತೋ ಗೊತ್ತಾಗ್ತಿಲ್ಲ. ಆಸ್ಪತ್ರೇಲಿ ಹೀಗೆ ತಪ್ಪಿದ್ರೆ ಒಬ್ಬರ ಪ್ರಾಣ ಹೋಗುತ್ತೆ.”

“ಆಯ್ತು ಬಿಡೇ, ನೀರು ತಾನೇ,” ಎಂದ ತಮ್ಮ.

“ನೀರಾದ್ರೇನು? ತಪ್ಪು ತಪ್ಪೇ ಅಲ್ವಾ?” ಎಂದು ಅವಳು ಕಣ್ಣೀರು ಹಾಕಿದಳು.

“ಅಳ್ಬೇಡಮ್ಮ, ಹೊಸದರಲ್ಲಿ ಎಲ್ಲರಿಗೂ ಆಗುತ್ತೆ,” ಎಂದು ಅಕ್ಕ ಸಮಾಧಾನ ಹೇಳಿದಳು. ಆ ರಾತ್ರಿ ಅವಳು ಎರಡು ಸಲ ಅನ್ನ ಹಾಕಿಸಿಕೊಂಡು ಊಟ ಮಾಡಿದಳು.

ಹಾಲನ್ನು ನೀರು ಮಾಡಲು ಸೊಸೆ ಪಟ್ಟ ಪಾಡು ಅಷ್ಟಿಷ್ಟಲ್ಲ. ಅಂಗಡಿಯಿಂದ ಆ್ಯಸಿಡ್ ಕ್ಯಾನು ಬಂತು. ಗಂಡನಿಗೆ ಅವಳು ಹೇಳಿಕೊಡುತ್ತಿದ್ದುದು ಅಡುಗೆಮನೆಯ ಕಿಟಕಿಯವರೆಗೂ ಕೇಳುತ್ತಿತ್ತು: “ಮೊದಲು ಮೋಟರ್ ಹಾಕಿ. ಆಳದ ಕಡೆಯಿಂದ, ನಡೀತಾ ನಡೀತಾ ಸುರೀರಿ. ಒಂದೇ ಕಡೆ ಬೇಡ. ಆ್ಯಸಿಡ್ ಭಾರ ರೀ, ನೀರು ಓಡಾಡ್ತಿಲ್ಲ ಅಂದ್ರೆ ಬಿದ್ದ ಜಾಗದಲ್ಲೇ ತಳಕ್ಕೆ ಕೂತ್ಕೊಳ್ಳುತ್ತೆ. ಅಲ್ಲಿ ಕಾಲಿಟ್ರೆ ಚರ್ಮ ಸುಡುತ್ತೆ.”

“ಅಪ್ಪಣೆ ಮಹಾರಾಣಿ,” ಎಂದ ತಮ್ಮ.

ನೀರು ಸೋಸುವ ಫಿಲ್ಟರು ತೊಳೆದೂ ತೊಳೆದೂ ಕೊಳ ತಿಳಿಯಾಯಿತು. ಅಷ್ಟರಲ್ಲಿ ಇನ್ನೊಂದು ಎಡವಟ್ಟಾಯಿತು. ಶಾಲೆ ಶುರುವಾಗುವ ಕಾಲ, ಸಮವಸ್ತ್ರಗಳ ರಾಶಿ. ಅವಸರದಲ್ಲಿ ಅಕ್ಕನ ಬೆರಳಿಗೆ ಮಿಷನ್ನಿನ ಸೂಜಿ ಈ ಕಡೆಯಿಂದ ಆ ಕಡೆಗೆ ಇಳಿಯಿತು. ಸೊಸೆಯೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಇಂಜೆಕ್ಷನ್ ಕೊಡಿಸಿ, ಕಟ್ಟು ಹಾಕಿಸಿ ತಂದಳು.

“ಗಾಯ ಮಾಗೋವರೆಗೆ ನೀರು ಮುಟ್ಟಿಸ್ಬಾರದು ಅತ್ತಿಗೆ. ಮಾವನ್ನ ನಾನು ಇಳಿಸ್ತೀನಿ. ನನಗೆ ಈಗ ಮಧ್ಯಾಹ್ನದ ಪಾಳಿ.”

“ನಿನಗೆ ಈಜೇ ಬರಲ್ಲ!”

“ಎದೆಮಟ್ಟದ ನೀರು ತಾನೇ. ನಿಂತ್ಕೊಳ್ಳೋಕೆ ಬರುತ್ತೆ.”

ಮೊದಲ ಬೆಳಿಗ್ಗೆ ಅಕ್ಕ ಕಿಟಕಿ ಬಿಟ್ಟು ಕದಲಲಿಲ್ಲ. ಅಪ್ಪ ಹೆದರಿ ಕೂಗುತ್ತಾರೆ, ‘ಅಕ್ಕನ್ನ ಕರೀರಿ’ ಎನ್ನುತ್ತಾರೆ ಎಂದು ಕಾದಳು. ಕಿಟಕಿಯಿಂದ ಇಬ್ಬರ ಬೆನ್ನು ಮಾತ್ರ ಕಾಣುತ್ತಿತ್ತು. ಕೂಗು ಕೇಳಲಿಲ್ಲ. ಎರಡನೇ ದಿನ ಮಾತು ಕೇಳಿಸಿತು. ವಾರ ಕಳೆಯುವಷ್ಟರಲ್ಲಿ ನಗು! ಲಕ್ವ ಹೊಡೆದ ಮೇಲೆ ಅಪ್ಪ ನಕ್ಕದ್ದೇ ಅಪರೂಪ. ಈಗ ನೀರಿನ ನಡುವೆ ನಿಂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

“ಅದೇನು ಮಾವ-ಸೊಸೆ ಗುಸುಗುಸು ಅಂತ?” ಎಂದರು ದೊಡ್ಡತ್ತೆ, ಆಲೂಗಡ್ಡೆ ಸಿಪ್ಪೆ ತೆಗೆಯುತ್ತ. “ನಿನ್ನ ಜೊತೆ ಇಳಿದಾಗ ಮೂಕ ಬಸವನ ಥರ ಇರ್ತಿದ್ದ.”

“ನನಗೇನು ಗೊತ್ತು ಅತ್ತೆ.”

“ಕೇಳ್ಬಾರದಾ?”

“ನೀವೇ ಕೇಳಿ. ನಿಮ್ಮ ತಮ್ಮ.”

“ಅಬ್ಬಬ್ಬಾ, ಮೂಗಿನ ತುದೀಲೇ ಕೋಪ,” ಎಂದು ದೊಡ್ಡತ್ತೆ ಇನ್ನೊಂದು ಆಲೂಗಡ್ಡೆ ಎತ್ತಿಕೊಂಡರು.

ಬೆರಳಿನ ಕಟ್ಟು ಬಿಚ್ಚಿದ ದಿನ ಅಕ್ಕ ಹಳೆಯ ಈಜುಡುಗೆ ತೆಗೆದು ಬಿಸಿಲಿಗೆ ಹಾಕಿ, ಅಪ್ಪನ ಕೋಣೆಗೆ ಹೋಗಿ, “ನಾಳೆಯಿಂದ ನಾನೇ ಬರ್ತೀನಿ,” ಎಂದಳು.

ಮೇಷ್ಟ್ರು ಅವಳ ಮುಖ ನೋಡಲಿಲ್ಲ. “ಇರಲಿ ಬಿಡು. ಅವಳೇ ಬರ್ತಾಳೆ. ನಿನಗೆ ಹೊಲಿಯೋದು ರಾಶಿ ಬಿದ್ದಿದೆಯಲ್ಲ.”

“ನನಗೇನೂ ತೊಂದ್ರೆ ಇಲ್ಲಪ್ಪ.”

“ಬೇಡ ಅಂದ್ನಲ್ಲ,” ಎಂದು ಅವರು ಗೋಡೆಯ ಕಡೆ ತಿರುಗಿದರು.

ಅಕ್ಕ ಈಜುಡುಗೆಯನ್ನು ತಂತಿಯಿಂದ ಎಳೆದುಕೊಂಡು ಬಂದು ಕಪಾಟಿಗೆ ತುರುಕಿದಳು. ಅಂದು ಎಲ್ಲರಿಗೂ ಉಪ್ಪಿಲ್ಲದ ಬೇಳೆ. ಉಪ್ಪಿನ ಡಬ್ಬಿ ಕೈಯಿಂದ ಕೈಗೆ ಸುತ್ತಿತು. ಆಮೇಲೆ ಮನೆಯಲ್ಲಿ ಸಣ್ಣಸಣ್ಣದಕ್ಕೂ ಕಿಡಿ ಹಾರತೊಡಗಿತು. ಒದ್ದೆ ಟವೆಲ್ಲು ಕುರ್ಚಿಯ ಮೇಲಿದ್ದರೆ ಒಂದು ಮಾತು, ಬಚ್ಚಲಿನಲ್ಲಿ ಉದ್ದ ಕೂದಲು ಸಿಕ್ಕರೆ ಒಂದು ಮಾತು.

“ಅಕ್ಕ, ಅವಳು ಏನು ಮಾಡಿದ್ರೂ ನಿನಗೆ ಸರಿ ಹೋಗಲ್ಲ ಅಲ್ವಾ?” ಎಂದ ತಮ್ಮ ಒಂದು ಭಾನುವಾರ ಸಂಜೆ.

“ನಾನೇನು ಅಂದೆ? ಚಹಾ ಕುಡಿದ ಲೋಟ ತೊಳೆದಿಡಿ ಅಂದೆ.”

“ನೀನು ಅನ್ನೋ ರೀತಿ ಇದೆಯಲ್ಲ, ಅದಕ್ಕೆ ಹೇಳ್ದೆ.”

“ಓಹೋ, ಈಗ ನನ್ನ ರೀತಿನೂ ಅಳೆದು ನೋಡ್ತೀಯಾ? ತಗೋ, ನಳಿಗೆಗೆ ತುಂಬ್ಕೊಂಡು ನೋಡು!”

ಒಳಕೋಣೆಯಲ್ಲಿ ಸೊಸೆ ಎಲ್ಲ ಕೇಳಿಸಿಕೊಂಡಳು. ಹೊರಗೆ ಬಂದು ಲೋಟ ತೊಳೆದಿಟ್ಟು ಒಳಗೆ ಹೋದಳು.

ಹೀಗಿರುವಾಗ ಮೇಷ್ಟ್ರ ಹಳೆಯ ಶಿಷ್ಯನೊಬ್ಬ ನೋಡಿಕೊಂಡು ಹೋಗಲು ಬಂದ. ಮುಖ ತುಂಬ ಗಡ್ಡ, ಈಗ ಬಸ್ಸು ಓಡಿಸುವವನು. ಕೊಳದ ಅಂಚಿನಲ್ಲಿ ಕುರ್ಚಿ ಹಾಕಿ ಕೂತರು. ಅಕ್ಕ ಚಹಾ ತಟ್ಟೆ ಹಿಡಿದು ಬಾಗಿಲು ದಾಟುವಾಗ ಶಿಷ್ಯ ಹೇಳುತ್ತಿದ್ದ: “ಏನ್ ಸರ್ ನೀರು! ಗಾಜು ಇದ್ದಂಗಿದೆ. ನಮ್ಮ ಕಾಲದಲ್ಲಿ ಕಣ್ಣು ಉರಿಯೋದು, ನೆನಪಿದೆಯಾ?”

“ಈಗ ನನ್ನ ಸೊಸೆ ನೋಡ್ಕೋತಾಳೆ ಕಣೋ. ಇಷ್ಟು ವರ್ಷದಲ್ಲಿ ನೀರು ಒಂದು ದಿನಾನೂ ಹೀಗಿರಲಿಲ್ಲ. ಹೇಳೋರು ಕೇಳೋರು ಇರಲಿಲ್ಲ.”

ತಟ್ಟೆಯಲ್ಲಿ ಲೋಟಗಳು ಕಟಕಟ ಎಂದವು. ಹೇಳೋರು ಕೇಳೋರು ಇರಲಿಲ್ಲವಂತೆ! ಚಳಿಯಿರಲಿ ಬಿಸಿಲಿರಲಿ, ಆ ಕೊಳದ ಗೋಡೆ ಉಜ್ಜಿ ಉಜ್ಜಿ ಅಕ್ಕನ ಅಂಗೈ ದಪ್ಪಗಾಗಿತ್ತು. ಮದುವೆಯ ಮಾತು ಬಂದಾಗಲೆಲ್ಲ ‘ಅಪ್ಪನ್ನ ಯಾರು ನೋಡ್ಕೋತಾರೆ’ ಎಂದು ತಳ್ಳಿಹಾಕಿದ್ದಳು. ಚಹಾ ಕೊಟ್ಟು ಒಳಗೆ ಬಂದಳು. ಕಣ್ಣಲ್ಲಿ ನೀರು ಬರಲಿಲ್ಲ, ಮೈ ಮಾತ್ರ ಕುದಿಯುತ್ತಿತ್ತು.

ಆ ಸಂಜೆ ತಮ್ಮ ಇನ್ನೂ ಬಂದಿರಲಿಲ್ಲ, ಸೊಸೆ ಆಸ್ಪತ್ರೆಯಲ್ಲಿದ್ದಳು, ಅಪ್ಪ ಮಲಗಿದ್ದರು. ಅಕ್ಕ ಮೋಟರಿನ ಗೂಡಿನಿಂದ ಆ್ಯಸಿಡ್ ಕ್ಯಾನು ತೆಗೆದಳು. ಮೋಟರ್ ಹಾಕಿದರೆ ಅಡುಗೆಮನೆಯಲ್ಲಿದ್ದ ದೊಡ್ಡತ್ತೆಗೆ ಸದ್ದು ಕೇಳುತ್ತದೆ, ಅದಕ್ಕೇ ಹಾಕಲಿಲ್ಲ. ಕೊಳಕ್ಕಿಳಿಯುವ ಮೆಟ್ಟಿಲ ಬಳಿ ಕೂತು, ಮುಖ ಆಚೆ ತಿರುಗಿಸಿ, ಇದ್ದಷ್ಟನ್ನೂ ಸುರಿದಳು. ಘಾಟಿಗೆ ಕೆಮ್ಮು ಒತ್ತರಿಸಿ ಬಂತು. ಅವಳ ಲೆಕ್ಕ ಸರಳವಾಗಿತ್ತು: ಬೆಳಿಗ್ಗೆ ಸೊಸೆ ಎಂದಿನಂತೆ ಮೆಟ್ಟಿಲ ಬಳಿಯೇ ನಳಿಗೆ ಅದ್ದುತ್ತಾಳೆ, ನೀರು ಹಳದಿಯಾಗುತ್ತದೆ, ಎಲ್ಲರೆದುರು ಅವಳ ಮುಖ ಪೆಚ್ಚಾಗುತ್ತದೆ. ಆಗ ಗೊತ್ತಾಗಲಿ ಅಪ್ಪನಿಗೆ, ಭಾರಿ ಹುಡುಗಿ ಎಷ್ಟು ಭಾರಿ ಎಂದು. ಪರೀಕ್ಷೆ ಮಾಡದೆ ಸೊಸೆ ಯಾರನ್ನೂ ಇಳಿಸುವವಳಲ್ಲ. ಆದ್ದರಿಂದ ಯಾರಿಗೂ ಏನೂ ಆಗುವುದಿಲ್ಲ. ಹಾಗೆಂದು ತನಗೆ ತಾನೇ ಹೇಳಿಕೊಂಡು ಕೈ ತೊಳೆದುಕೊಂಡಳು.

ಬೆಳಿಗ್ಗೆ ಅಕ್ಕ ಬ್ರೆಡ್ಡು ಕಾಯಿಸುತ್ತಿದ್ದಾಗ ಅಡುಗೆಮನೆಯ ಬಾಗಿಲಲ್ಲಿ ಊರುಗೋಲಿನ ಸದ್ದಾಯಿತು. ಈಜುಚಡ್ಡಿ ತೊಟ್ಟು, ಹೆಗಲ ಮೇಲೆ ಟವೆಲ್ ಹಾಕಿಕೊಂಡು ಅಪ್ಪ ನಿಂತಿದ್ದರು.

“ಒಲೆ ಆರಿಸು. ಬಾ, ಇಳಿಯೋಣ.”

“ಯಾರು? ನಾನಾ?”

“ಇನ್ಯಾರು? ನೀನೇ. ನಿನಗೊಂದು ತೋರಿಸ್ಬೇಕು.”

ಅಕ್ಕನ ಕೈಯಲ್ಲಿದ್ದ ಬ್ರೆಡ್ಡು ಕೈಯಲ್ಲೇ ಉಳಿಯಿತು. “ಅವಳು?”

“ಸ್ನಾನಕ್ಕೆ ಹೋದ್ಲು. ಇವತ್ತು ಅಕ್ಕನ್ನೇ ಕರ್ಕೊಂಡು ಹೋಗ್ತೀನಿ ಅಂತ ನಿನ್ನೆ ಬೆಳಿಗ್ಗೆನೇ ಹೇಳಿದ್ದೆ.”

“ನೀರು ನೋಡಿಲ್ವಲ್ಲಪ್ಪ ಇನ್ನೂ. ಅವಳು ಬರಲಿ.”

“ಆ ಬಣ್ಣದ ಆಟ ಒಂದಿನ ಇಲ್ದಿದ್ರೆ ಏನಾಗುತ್ತೆ? ಇಷ್ಟು ವರ್ಷ ನೀನು ಮೂಸಿ ನೋಡಿ ಇಳಿಸ್ಲಿಲ್ವಾ? ಮೂಸಿ ನೋಡು, ಸಾಕು,” ಎಂದವರೇ ತಿರುಗಿ ಹಿತ್ತಲ ಕಡೆ ಹೊರಟರು. ಯಾವತ್ತೂ ಇಲ್ಲದ ಹುಮ್ಮಸ್ಸು; ಎಡಗಾಲು ಎಳೆಯುತ್ತಿದ್ದರೂ ಮದುವೆ ಮನೆಗೆ ಹೊರಟವರ ಅವಸರ.

ಎಷ್ಟು ವಾರಗಳಿಂದ ಕಾದ ಕರೆ ಅದು! ಅಕ್ಕ ಒಲೆಯನ್ನೂ ಆರಿಸದೆ ಓಡಿದಳು. ಮೇಷ್ಟ್ರು ಆಗಲೇ ಕೊಳದ ಕಂಬಿ ಹಿಡಿದಿದ್ದರು. ನೀರು ಗಾಜಿನಂತೆ ನಿಂತಿತ್ತು, ಏನೊಂದೂ ಗೊತ್ತಾಗುವಂತಿರಲಿಲ್ಲ.

“ಅಪ್ಪ, ಬೇಡ. ಇವತ್ತು ಬೇಡ.”

“ಯಾಕೆ?”

“ನೆಗಡಿ ಆಗುತ್ತೆ.”

“ಈ ಸೆಖೆಗೆ?”

“ನನಗೆ ಸೊಂಟ ಹಿಡ್ಕೊಂಡಿದೆ.”

“ನೀನು ನನ್ನ ಹಿಡ್ಕೊಳ್ಳೋದೇ ಬೇಡ. ನಿಂತು ನೋಡು, ಅಷ್ಟೇ.” ಅವರ ದನಿ ತಗ್ಗಿತು. “ನಾನು ಅವತ್ತು ಬೇಡ ಅಂದೆ ಅಂತ ಕೋಪಾನಾ? ಅದಕ್ಕೇ ಕರೀತಿರೋದು. ಬಾ.”

ಬಲಗಾಲು ಎತ್ತಿ ಮೊದಲ ಮೆಟ್ಟಿಲಿಗೆ ಇಡಹೊರಟರು. ಅಕ್ಕ ಎರಡೂ ಕೈಗಳಿಂದ ಅವರ ಸೊಂಟ ತಬ್ಬಿ ಹಿಂದಕ್ಕೆ ಎಳೆದಳು. ಇಬ್ಬರೂ ಕಲ್ಲುಹಾಸಿನ ಮೇಲೆ ದೊಪ್ಪನೆ ಕೂತರು. ಊರುಗೋಲು ನೀರಿಗೆ ಬಿತ್ತು.

ಆ ಸದ್ದಿಗೆ ತಮ್ಮ ಅರ್ಧ ಗಡ್ಡಕ್ಕೆ ನೊರೆ ಹಚ್ಚಿಕೊಂಡು ಓಡಿಬಂದ. ಸೊಸೆ ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ಬಂದಳು. ಹಿಂದೆಯೇ ದೊಡ್ಡತ್ತೆ.

“ತಲೆ ಕೆಟ್ಟಿದೆಯಾ ನಿನಗೆ? ಬೀಳಿಸಿ ಸಾಯಿಸ್ತೀಯಾ?” ಎಂದು ಮೇಷ್ಟ್ರು ಗುಡುಗಿದರು.

“ನೀರು... ನೀರು ನೋಡಿ ಮೊದಲು,” ಎಂದಳು ಅಕ್ಕ.

ಸೊಸೆ ಡಬ್ಬಿ ತಂದು, ನಳಿಗೆ ಅದ್ದಿ, ಹನಿ ಬಿಟ್ಟಳು. ಹಳದಿ. ಅವಳ ಮುಖದ ಬಣ್ಣವೇ ಹಾರಿಹೋಯಿತು.

“ಮೊನ್ನೆ ಒಂಚೂರು ಆ್ಯಸಿಡ್ ಹಾಕಿದ್ದೆ... ಅಳತೆ ತಪ್ಪಿರ್ಬೇಕು. ನಾನೇ... ನಾನೇ ಹೆಚ್ಚು ಹಾಕಿರ್ಬೇಕು ಮಾವ.”

“ಹೋದ ಸಲಾನೂ ಹಾಲು ಮಾಡಿಟ್ಟಿದ್ದೆ,” ಎಂದ ತಮ್ಮ, ಬೇಡದ ಹೊತ್ತಿನಲ್ಲಿ.

ಮೇಷ್ಟ್ರಿಗೆ ಬಿದ್ದ ನೋವು, ಅವಮಾನ ಎಲ್ಲ ಅವಳತ್ತ ತಿರುಗಿತು. “ಗೊತ್ತಿಲ್ಲ ಅಂದ್ಮೇಲೆ ಯಾಕಮ್ಮ ಕೈ ಹಾಕ್ತೀಯಾ? ನಾನು ಇಳಿದಿದ್ರೆ ಏನು ಗತಿ? ಇವತ್ತಿಂದ ನೀನು ಕೊಳದ ಸುದ್ದಿಗೆ ಬರಬೇಡ. ಅಕ್ಕಾನೇ ನೋಡ್ಕೋತಾಳೆ. ನೋಡು, ಅವಳಿಗೆ ಬರೀ ಮೂಸಿದ್ರೆ ಗೊತ್ತಾಗುತ್ತೆ!”

ಬೇಕಾಗಿದ್ದುದೆಲ್ಲ ಸಿಕ್ಕಿತ್ತು. ಒಂದೇ ಒಂದು ಮಾತೂ ಆಡದೆ, ಸುಮ್ಮನೆ ಕೂತಿದ್ದರೆ ಸಾಕಿತ್ತು. ಸೊಸೆ ಡಬ್ಬಿಯ ಮುಚ್ಚಳ ಹಾಕಿ, ಅಕ್ಕನ ಮುಂದೆ ಹಿಡಿದಳು. “ತಗೊಳ್ಳಿ ಅತ್ತಿಗೆ.”

ಅಕ್ಕ ಡಬ್ಬಿಗೆ ಕೈ ಚಾಚಿದಳು. ಚಾಚಿದ ಕೈ ಅಲ್ಲೇ ನಿಂತಿತು.

“ಅವಳು ಹಾಕಿದ್ದಲ್ಲ,” ಎಂದಳು. “ನಾನು ಸುರಿದಿದ್ದು.”

“ಏನು ಸುರಿದಿದ್ದು?” ಎಂದ ತಮ್ಮ.

“ಆ್ಯಸಿಡ್. ನಿನ್ನೆ ಸಂಜೆ. ಕ್ಯಾನಲ್ಲಿ ಇದ್ದಷ್ಟೂ. ಮೆಟ್ಟಿಲ ಹತ್ರ.”

“ಮೋಟರ್ ಹಾಕಿದ್ರಾ?” ಸೊಸೆಯ ದನಿ ಕೀರಲಾಗಿತ್ತು.

“ಇಲ್ಲ.”

“ಮಾವ ಕಾಲಿಡೋ ಜಾಗ ಅದು! ಅವರ ಎಡಗಾಲಿಗೆ ಸರಿಯಾಗಿ ಸ್ಪರ್ಶಾನೇ ಇಲ್ಲ, ಸುಟ್ರೂ ಗೊತ್ತಾಗ್ತಿರಲಿಲ್ಲ! ನಿಮಗೆ ಗೊತ್ತಿಲ್ವಾ?”

“ನೀನು ನೋಡ್ತೀಯಾ ಅಂದ್ಕೊಂಡೆ. ನೋಡದೆ ಯಾರನ್ನೂ ಇಳಿಸಲ್ಲ ಅಂದ್ಕೊಂಡೆ.”

“ಹಾಲಾಗಿದ್ದು?”

“ಅದೂ ನಾನೇ.”

ಸೊಸೆ ಡಬ್ಬಿಯನ್ನು ನೆಲಕ್ಕೆ ಅಪ್ಪಳಿಸಿದಳು. “ಯಾಕೆ? ನಾನು ನಿಮ್ಮದೇನು ಕಿತ್ಕೊಂಡೆ? ಅಡುಗೆಮನೆ ನಿಮ್ದು. ಒಂದು ಡಬ್ಬ ಜರುಗಿಸೋ ಹಾಗಿಲ್ಲ. ಮಾವನಿಗೆ ನೀವು ಮಾಡಿದ ಊಟಾನೇ ಆಗ್ಬೇಕು. ನಿಮ್ಮ ತಮ್ಮ ರಾತ್ರಿ ಮಲಗೋವಾಗ್ಲೂ ಅಕ್ಕ ಹಿಂಗೆ ಮಾಡ್ತಿದ್ಲು, ಅಕ್ಕ ಹಂಗೆ ಮಾಡ್ತಿದ್ಲು ಅಂತ ಅದೇ ಮಾತು. ಕೇಳಿ ಕೇಳಿ ನನಗೆ ಹೊಟ್ಟೆ ಉರಿಯಲ್ವಾ? ಈ ಮನೇಲಿ ನನಗೆ ಅಂತ ಇದ್ದಿದ್ದು ಆ ನೀರೊಂದೇ. ಅದನ್ನೂ ಸಹಿಸ್ಲಿಲ್ಲ ನೀವು!”

ತಮ್ಮ ತಲೆ ತಗ್ಗಿಸಿದ. ನೊರೆ ಕೆನ್ನೆಯ ಮೇಲೆ ಒಣಗುತ್ತಿತ್ತು. ಅಡುಗೆಮನೆಯಿಂದ ಬ್ರೆಡ್ಡು ಸೀದ ವಾಸನೆ ಬಂದು ದೊಡ್ಡತ್ತೆ ಒಳಗೆ ಓಡಿದರು.

“ಕುರ್ಚಿ ತನ್ನಿ,” ಎಂದರು ಮೇಷ್ಟ್ರು. ಮಗ ಎತ್ತಿ ಕೂರಿಸಿದ. ಟವೆಲ್ಲನ್ನು ಮೊಣಕಾಲ ಮೇಲೆ ಹರಡಿಕೊಂಡರು. ಆಮೇಲೆ ಮಗಳಿಗೆ ಹೇಳಿದರು: “ನಾನು ಈಗ ಒಬ್ಬನೇ ತೇಲ್ತೀನಿ. ಅದನ್ನ ತೋರಿಸೋಣ ಅಂತ ಕರೆದಿದ್ದು.”

ಅಕ್ಕ ತಲೆ ಎತ್ತಿ ಅವರನ್ನು ನೋಡಿದಳು.

“ನೀನು ಹಿಡ್ಕೊಂಡ್ರೆ ನಾನು ರೋಗಿ ಕಣಮ್ಮ. ಮಗು ಥರ ಹಿಡ್ಕೋತೀಯಾ. ಇವಳಿಗೆ ನೀರು ಕಂಡ್ರೆ ನನಗಿಂತ ಭಯ. ಮೊದಲ ದಿನ ಇಬ್ಬರೂ ಕಂಬಿ ಹಿಡ್ಕೊಂಡು ನಡುಗ್ತಾ ನಿಂತಿದ್ವಿ. ಆಮೇಲೆ ನಾನೇ ಕಲಿಸ್ತೀನಿ ಅಂದೆ. ಉಸಿರು ಹಿಡಿ, ತಲೆ ಬಿಡು, ಕಿವಿ ಒದ್ದೆಯಾಗಲಿ... ಅವಳಿಗೆ ಹೇಳ್ತಾ ಹೇಳ್ತಾ ನನಗೂ ಬಂತು. ನೀರು ರೇಷ್ಮೆ ಅಂತ ಅಲ್ಲ ಅವಳ ಜೊತೆ ಇಳಿದಿದ್ದು. ಅಲ್ಲಿ ನಾನು ಮೇಷ್ಟ್ರು.”

ಅಕ್ಕ ಕಲ್ಲುಹಾಸಿನ ಮೇಲೆ ಕೂತಲ್ಲೇ ಗಟ್ಟಿಯಾಗಿ ಅತ್ತಳು. ಯಾರೂ ಸಮಾಧಾನ ಹೇಳಲು ಹೋಗಲಿಲ್ಲ.

ಆಮೇಲಿನ ದಿನಗಳು ಕೆಟ್ಟದಾಗಿದ್ದವು. ಸೊಸೆ ಅಡುಗೆಮನೆಗೆ ಬರಲಿಲ್ಲ. ಗಂಡ ಹೆಂಡತಿ ಹೊರಗಿನಿಂದ ಪೊಟ್ಟಣ ತಂದು ಕೋಣೆಯಲ್ಲಿ ತಿಂದರು. ಮೇಷ್ಟ್ರು ನೀರಿಗಿಳಿಯದೆ ಕೈಕಾಲು ಮತ್ತೆ ಬಿಗಿಯತೊಡಗಿತು. ಸೊಸೆ ದಿನಾ ಬೆಳಿಗ್ಗೆ ನಳಿಗೆ ಅದ್ದಿ, ಸೋಡಾ ಅಳೆದು, ಬಕೆಟ್ಟಿನಲ್ಲಿ ಕರಗಿಸಿ ಇಡುತ್ತಿದ್ದಳು. ಒಂದು ಬೆಳಿಗ್ಗೆ ಅಕ್ಕ ಹೋಗಿ ಆ ಬಕೆಟ್ಟಿನ ಹಿಡಿಗೆ ಕೈ ಹಾಕಿದಳು.

“ನಾನು ಸುರೀಲಾ?”

ಸೊಸೆ ಅವಳನ್ನು ನೋಡಿದಳು. “ಮೊದಲು ಮೋಟರ್ ಹಾಕಿ,” ಎಂದಳು.

ಅಕ್ಕ ಮೋಟರ್ ಹಾಕಿ, ಆಳದ ಕಡೆಯಿಂದ, ನಡೆಯುತ್ತ ನಡೆಯುತ್ತ ಸುರಿದಳು. ಆ ರಾತ್ರಿ ಊಟದ ಮೇಜಿನ ಮೇಲೆ ಐದು ತಟ್ಟೆ ಬಿದ್ದವು. ಕ್ಷಮೆಯ ಮಾತು ಯಾರೂ ಎತ್ತಲಿಲ್ಲ. ಬೇಳೆಗೆ ಉಪ್ಪು ಸರಿಯಾಗಿತ್ತು.

ನಳಿಗೆ ನಸುಗೆಂಪಾದ ಬೆಳಿಗ್ಗೆ ಮೇಷ್ಟ್ರು ಇಬ್ಬರನ್ನೂ ಕರೆದರು. ಸೊಸೆ ಒಂದು ಪಕ್ಕ, ಅಕ್ಕ ಇನ್ನೊಂದು ಪಕ್ಕ, ನಡುವೆ ಅವರು. ಸೊಸೆ ಎದೆಮಟ್ಟದ ನೀರಿನಲ್ಲಿ ಈಗ ನೆಟ್ಟಗೆ ನಿಂತಿದ್ದಳು. ಮೇಷ್ಟ್ರು ಅವಳ ಕಡೆಗೇ ತಿರುಗಿ ಹೇಳಿದರು: “ನೋಡ್ಕೋ, ಕತ್ತು ಬಿಗಿ ಮಾಡ್ಬಾರದು. ನಾಳೆ ನೀನು ಮಾಡ್ಬೇಕು.” ಅಕ್ಕನಿಗೆ ಮತ್ತೆ ಅದೇ ಹೊಟ್ಟೆಕಿಚ್ಚು. ಹೋಗಿರಲಿಲ್ಲ ಅದು. ಅಷ್ಟು ಸುಲಭಕ್ಕೆ ಹೋಗುವಂಥದ್ದೂ ಅಲ್ಲ.

ಮೇಷ್ಟ್ರು ಹಿಂದಕ್ಕೆ ಒರಗಿದರು. ಅಕ್ಕನ ಕೈಗಳು ತಾವಾಗಿಯೇ ಅವರ ಬೆನ್ನಿನಡಿಗೆ ಹೋದವು. ನೀರೊಳಗೆ ಅಲ್ಲಿ ಸೊಸೆಯ ಕೈಗಳೂ ಇದ್ದವು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು, ಒಟ್ಟಿಗೇ ಕೈ ತೆಗೆದರು. ಮೇಷ್ಟ್ರ ಕಾಲು ಮೇಲೆದ್ದವು, ಹೊಟ್ಟೆ ಮೇಲೆದ್ದಿತು, ಕಿವಿಯವರೆಗೂ ನೀರು ಬಂತು.

“ಯಾರೂ ಹಿಡ್ಕೊಂಡಿಲ್ಲ ತಾನೇ?” ಎಂದರು ಆಕಾಶ ನೋಡುತ್ತ.

“ಇಲ್ಲಪ್ಪ,” ಎಂದಳು ಅಕ್ಕ.

“ಇಲ್ಲ ಮಾವ.”

ಕಿವಿ ನೀರೊಳಗಿತ್ತು, ಅವರಿಗೆ ಕೇಳಿಸಲಿಲ್ಲ. ಹುಬ್ಬು ಗಂಟಾಯಿತು. “ಹಿಡ್ಕೊಂಡಿದ್ದೀರಾ? ಹೇಳಿ! ಹಿಡ್ಕೊಂಡಿದ್ದೀರಾ?”

ಅಕ್ಕ ಎರಡೂ ಕೈಗಳನ್ನು ನೀರಿನಿಂದ ಮೇಲೆತ್ತಿ, ಅವರ ಮುಖದ ಮೇಲೆ, ಅವರಿಗೆ ಚೆನ್ನಾಗಿ ಕಾಣುವಂತೆ ಬಿಡಿಸಿ ಹಿಡಿದಳು.